ಅತ್ತೆ ಇಟ್ಟುಕೊಂಡಿದ್ದ ಪದ

ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಊರಿನಲ್ಲಿ ಇದನ್ನು ಹೇಳಿಕೊಂಡು ನಾನು ಪಟ್ಟ ಪಾಡು ನಾಯಿಯೂ ಪಟ್ಟಿರಲಿಕ್ಕಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಇಲ್ಲಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದೆ. ಬಂದ ಆರೇ ತಿಂಗಳಿಗೆ ಪೋಸ್ಟಾಫೀಸು ಬೀದಿಯ ದೇವೀರಮ್ಮನವರು ತಮ್ಮ ಒಬ್ಬಳೇ ಮಗಳು ಸುಮಿತ್ರೆಯನ್ನು ನನಗೆ ಕೊಟ್ಟು ಮದುವೆ ಮಾಡಿ, ನನ್ನನ್ನು ಮನೆಅಳಿಯನನ್ನಾಗಿ ಇಟ್ಟುಕೊಂಡರು. ಹುಡುಗನ ಬಣ್ಣ ನೋಡಲಿಲ್ಲ, ಕುಲಗೋತ್ರ ಹೆಚ್ಚು ಕೆದಕಲಿಲ್ಲ. ‘ಇಂಗ್ಲಿಷು ಎಷ್ಟಿದೆ?’ ಎಂದು ಮಾತ್ರ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ‘ಬೇಕಾದಷ್ಟಿದೆ’ ಅಂದೆ. ಆ ಮಾತನ್ನು ಅವರು ಇವತ್ತಿಗೂ ಮರೆತಿಲ್ಲ.

ಊರಿನ ಸಂಗತಿ ಇಷ್ಟು. ಬೆಳಕು ಹರಿಯುವ ಹೊತ್ತಿಗೆ ಜನ ವಾಸವಿರುವ ಪ್ರತಿ ಮನೆಯ ಹೊಸಿಲ ಮೇಲೂ, ರಂಗೋಲಿ ಎಳೆದ ಹಾಗೆ, ಮೂರು ಇಂಗ್ಲಿಷ್ ಅಕ್ಷರಗಳು ಮೂಡಿರುತ್ತವೆ. ಆ ಮೂರೂ ಅಕ್ಷರ ಇರುವ ಒಂದು ಇಂಗ್ಲಿಷ್ ಪದವನ್ನು ಒಳಗಿನಿಂದ ಯಾರಾದರೂ ಗಟ್ಟಿಯಾಗಿ ಹೇಳಿದರೆ ಬಾಗಿಲು ತೆರೆದುಕೊಳ್ಳುತ್ತದೆ, ಮಾರನೆಯ ಬೆಳಗಿನವರೆಗೆ ತಕರಾರಿಲ್ಲ. ಹೇಳಲಾಗದಿದ್ದರೆ ಆ ದಿನ ಮನೆಮಂದಿಯೆಲ್ಲ ಒಳಗೆ. ಹಿತ್ತಿಲ ಬಾಗಿಲೂ ಮುಂಬಾಗಿಲಿನ ಪಕ್ಷವೇ, ಅದೂ ತೆರೆಯುವುದಿಲ್ಲ. ಒಂದು ಮನೆಯಲ್ಲಿ ಒಮ್ಮೆ ಆಡಿದ ಪದ ಆ ಮನೆಯ ಹೊಸಿಲಿಗೆ ಎಂಜಲು, ಮತ್ತೆ ಎಂದೂ ನಡೆಯುವುದಿಲ್ಲ. ಅದೇ ಪದದ ಬಾಲಕ್ಕೆ ಎಸ್ ಅಂಟಿಸಿ ತಂದರೆ ಹೊಸಿಲು ಮೋಸ ಹೋಗುವುದಿಲ್ಲ. ಉಚ್ಚಾರಣೆಯ ವಿಷಯದಲ್ಲಿ ಮಾತ್ರ ಅದು ಧಾರಾಳಿ, ನಾಲಿಗೆ ಹೇಗೆ ಹೊರಳಿದರೂ ಒಪ್ಪಿಕೊಳ್ಳುತ್ತದೆ.

ಡಿಕ್ಷನರಿ ನೋಡಿ ಹೇಳಿದರಾಯಿತಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನೂ ಊರಿಗೆ ಬಂದ ಮೊದಲ ದಿನ ಹಾಗೇ ಅಂದುಕೊಂಡು, ಟ್ರಂಕಿನಿಂದ ದಪ್ಪ ಡಿಕ್ಷನರಿ ತೆಗೆದು ಹೊಸಿಲ ಮುಂದೆ ಕೂತವನು. ನಾನು ಬಾಡಿಗೆಗಿದ್ದ ಮನೆಯವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಪದ ಕಡಿಮೆಯೆಂದರೆ ಒಂದು ರಾತ್ರಿಯಾದರೂ ಆಡುವವರ ಹೊಟ್ಟೆಯಲ್ಲಿ ಮಲಗಿ ಎದ್ದಿರಬೇಕು. ಬೆಳಿಗ್ಗೆ ಅಕ್ಷರ ನೋಡಿ, ಪುಸ್ತಕ ತೆರೆದು, ಆಗಷ್ಟೇ ಕಲಿತ ಪದ ಹೇಳಿದರೆ ಬಾಗಿಲು ಮಿಸುಕುವುದಿಲ್ಲ. ಪಕ್ಕದ ಮನೆಯವರು ಕಿಟಕಿಯಿಂದ ಕೂಗಿ ಹೇಳಿಕೊಟ್ಟರೂ ಅಷ್ಟೇ, ಅದು ನಾಳೆಗೆ ಉಪಯೋಗ, ನಾಳೆ ಅಕ್ಷರವೇ ಬೇರೆ.

ಜನ ಇದಕ್ಕೆಲ್ಲ ಎಂದೋ ಹೊಂದಿಕೊಂಡುಬಿಟ್ಟಿದ್ದಾರೆ. ಎಲ್ಲ ಮನೆಗಳ ಕಿಟಕಿ ಸರಳುಗಳ ನಡುವೆ ಒಂದು ಹಾಲಿನ ಚೊಂಬು ಹೋಗುವಷ್ಟು ಜಾಗ ಬಿಟ್ಟಿರುತ್ತಾರೆ. ಸ್ಕೂಲಿನಲ್ಲಿ ಸಿಕ್ ಲೀವಿನ ಜೊತೆಗೆ ‘ಹೊಸಿಲು ರಜೆ’ ಎಂಬ ಇನ್ನೊಂದು ರಜೆ ಇದೆ. ರೋಗಿಯನ್ನು ನೋಡಲು ಹೋಗುವವರು ಕಿತ್ತಳೆಯ ಜೊತೆ ಒಂದು ಪದವನ್ನೂ ಒಯ್ಯುತ್ತಾರೆ. ಹಳೆಯ ಮನೆಗೆ ಯಾರೂ ಸಂತೋಷದಿಂದ ಹೆಣ್ಣು ಕೊಡುವುದಿಲ್ಲ, ಏಕೆಂದರೆ ಅಲ್ಲಿ ಒಳ್ಳೊಳ್ಳೆಯ ಪದಗಳೆಲ್ಲ ತಾತ ಮುತ್ತಾತಂದಿರ ಕಾಲದಲ್ಲೇ ಆಡಿ ಮುಗಿದಿರುತ್ತವೆ. ಹೊಸ ಮನೆ ಕಟ್ಟಿಸಿದವನು ಮಹಾರಾಜ, ಅವನಿಗೆ ಕ್ಯಾಟೂ ನಡೆಯುತ್ತದೆ, ರ‍್ಯಾಟೂ ನಡೆಯುತ್ತದೆ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಆಸ್ಪತ್ರೆಯ ಕಾಂಪೌಂಡರಿಗೆ. ಡಯೇರಿಯಾ, ಎಕ್ಸಿಮಾ, ಟೈಫಾಯಿಡು, ಹೀಗೆ ಅವರ ಹತ್ತಿರ ಪದ ಕೊಳೆಯುತ್ತ ಬಿದ್ದಿರುತ್ತವೆ. ಒಬ್ಬ ಮಾತ್ರ, ನಾನು ಬರುವುದಕ್ಕೆ ಮುಂಚೆ, ಬುದ್ಧಿವಂತಿಕೆ ಮಾಡಿ ಹೆಂಚು ತೆಗೆದು ಮಾಡಿನಿಂದ ಇಳಿದು ಸಂತೆಗೆ ಹೋಗಿದ್ದನಂತೆ. ಆ ಮನೆಯ ಹೊಸಿಲು ಮುನಿಸಿಕೊಂಡು ಮೂರು ತಿಂಗಳು ಅಕ್ಷರವನ್ನೇ ತೋರಿಸಲಿಲ್ಲ. ಆಮೇಲೆ ಯಾರೂ ಹೆಂಚಿಗೆ ಕೈ ಹಾಕಿಲ್ಲ.

ನಮ್ಮತ್ತೆಯ ಮನೆಗೆ ಎಪ್ಪತ್ತು ವರ್ಷ. ಆಡಿ ಆಡಿ ಸವೆದ ಮನೆ. ಮದುವೆಯಾದ ಮೂರನೆಯ ದಿನ ಹೊಸಿಲ ಮೇಲೆ ಎ, ಟಿ, ಎನ್ ಬಂದಿತ್ತು. ಹೊಸ ಅಳಿಯ, ಹುರುಪಿನಲ್ಲಿದ್ದೆ. ಎಲ್ಲರೂ ನೋಡುತ್ತಿದ್ದಾರೆ ಎಂದು ಎದೆಯುಬ್ಬಿಸಿ ‘ಕಂಗ್ರಾಚುಲೇಶನ್ಸ್!’ ಅಂದೆ. ಬಾಗಿಲು ಧಡಾರೆಂದು ತೆರೆಯಿತು. ಹಿಂತಿರುಗಿ ನೋಡಿದರೆ ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

“ಅಯ್ಯೋ ದೇವರೇ! ಟ್ಯಾಂಕರ್ ಇತ್ತಲ್ರೀ ಮನೇಲಿ, ಅದರಲ್ಲೂ ಮೂರೂ ಇವೆ ಅಂತಾಳೆ ಸುಮಿತ್ರೆ, ಇನ್ನೂ ಯಾರೂ ಆಡಿರ್ಲಿಲ್ಲ. ಟ್ಯಾಂಕರಲ್ಲಿ ಮುಗಿಯೋ ಕೆಲಸಕ್ಕೆ ಅಷ್ಟುದ್ದದ್ದನ್ನ ಬಿಸಾಕಿಬಿಟ್ರಲ್ಲ! ಅದರಲ್ಲಿ ಎಷ್ಟು ಅಕ್ಷರ ಇದ್ವೋ ಏನೋ, ಯಾವ ಕಷ್ಟದ ದಿನಕ್ಕೆ ಆಗ್ತಿತ್ತೋ!”

ಅಂದಿನಿಂದ ಅವರ ಕಣ್ಣಿನಲ್ಲಿ ನಾನು ದುಂದುಗಾರ. ಅವರಿಗೆ ಇಂಗ್ಲಿಷ್ ಓದಲು ಬಾರದು, ಒಂದು ಪದದ ಅರ್ಥವೂ ಗೊತ್ತಿಲ್ಲ. ಅರ್ಥ ಕೇಳಿದರೆ ಪದದ ಕಸುವು ಹೋಗುತ್ತದೆ ಎಂಬುದು ಈ ಊರಿನ ಹಳಬರ ನಂಬಿಕೆ. ಆದರೆ ಮನೆಯಲ್ಲಿ ಎಂದು ಯಾವ ಪದ ಆಡಿದರು ಎಂಬುದೆಲ್ಲ ಅವರ ತಲೆಯಲ್ಲಿ ಇದೆ. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಒಳಗಿನಿಂದಲೇ ಕೂಗುತ್ತಿದ್ದರು: “ಬ್ಲಾಂಕೆಟ್ಟಾ? ಅದನ್ನ ನಿಮ್ಮ ಮಾವ ಹಲ್ಲು ಕೀಳಿಸ್ಕೊಂಡ ದಿನಾನೇ ಆಡಿದ್ದೀವಿ. ಬೇರೆ ನೋಡಿ.” ಎಂ.ಎ. ಮಾಡಿದವನು ಹೊಸಿಲ ಮುಂದೆ ಕೈಕಟ್ಟಿ ನಿಂತಿರುತ್ತಿದ್ದೆ, ಮೂರನೆಯ ಕ್ಲಾಸು ಓದಿದ ಹೆಂಗಸು ಬೆಳ್ಳುಳ್ಳಿ ಸುಲಿಯುತ್ತ ನನ್ನನ್ನು ಫೇಲು ಮಾಡುತ್ತಿದ್ದರು.

ಇಲ್ಲಿ ಇನ್ನೊಂದು ಪದ್ಧತಿಯನ್ನು ಹೇಳಬೇಕು. ವಯಸ್ಸಾದವರೆಲ್ಲ ತಮಗಾಗಿ ಒಂದು ಪದವನ್ನು ಆಡದೆ ಇಟ್ಟುಕೊಂಡಿರುತ್ತಾರೆ. ಅದಕ್ಕೆ ‘ಹೊರಡುವ ಪದ’ ಎನ್ನುತ್ತಾರೆ. ಸತ್ತ ದಿನ ಎಂಥ ಕಷ್ಟದ ಅಕ್ಷರ ಬಂದರೂ ಹೆಣ ಹೊಸಿಲು ದಾಟಬೇಕಲ್ಲ, ಅದಕ್ಕೆ. ಮುದುಕರು ಅದನ್ನು ಮಗನ ಕಿವಿಯಲ್ಲಿ ಮಾತ್ರ ಹೇಳುತ್ತಾರೆ, ಆ ದಿನ ಮಗ ಬಾಗಿಲ ಹತ್ತಿರ ನಿಂತು ಅದನ್ನು ಆಡುತ್ತಾನೆ. ಯಾರ ಬಳಿಯೂ ಅವರ ಹೊರಡುವ ಪದ ಯಾವುದೆಂದು ಕೇಳಬಾರದು. ಕೇಳಿದರೆ, ನೀವು ಯಾವಾಗ ಸಾಯುತ್ತೀರಿ ಎಂದು ಕೇಳಿದ ಹಾಗೆ.

ನಮ್ಮ ಮನೆಗೆ ಈ ವಿಷಯದಲ್ಲಿ ಒಂದು ಹಳೆಯ ಗಾಯ ಇತ್ತು. ಅತ್ತೆಯ ಮಾವ ತೀರಿಕೊಂಡ ದಿನ ಹೊಸಿಲ ಮೇಲೆ ಜೆ ಮತ್ತು ಕ್ಯೂ ಒಟ್ಟಿಗೇ ಬಂದುಬಿಟ್ಟಿದ್ದವು. ಅವೆರಡೂ ಇರುವ ಪದ ಯಾರ ಹತ್ತಿರವೂ ಇರಲಿಲ್ಲ. ಮಾರನೆಯ ದಿನದ ಅಕ್ಷರಗಳಿಗೂ ಆಡದೆ ಉಳಿದ ಪದ ಸಿಗಲಿಲ್ಲ. ಮುದುಕರು ಎರಡು ದಿನ ಒಳಗೇ ಇದ್ದರು, ಬಂದವರು ಹಾರಗಳನ್ನು ಕಿಟಕಿಯಿಂದ ತೂರಿಸಿ ಕೈಮುಗಿದು ಹೋದರು. ಆ ಅವಮಾನ ನನ್ನ ಮಾವನವರಿಗೆ ನಾಟಿತು. ಅವರು ಪೋಸ್ಟಾಫೀಸಿನಲ್ಲಿ ಪಾರ್ಸೆಲ್ಲು ವಿಂಗಡಿಸುತ್ತಿದ್ದವರು. ಹನ್ನೊಂದು ವರ್ಷ ಪಾರ್ಸೆಲ್ಲುಗಳ ಮೇಲಿನ ಬರಹವನ್ನೆಲ್ಲ ಓದಿ ಓದಿ, ಕೊನೆಗೆ ಯಾವುದೋ ವಿದೇಶದ ಪೊಟ್ಟಣದ ಮೇಲೆ ಜೆಯೂ ಕ್ಯೂವೂ ಎರಡೂ ಇರುವ ಒಂದು ಪದವನ್ನು ಹಿಡಿದು ತಂದು ಹೆಂಡತಿಗೆ ಕೊಟ್ಟರು. ಅವರು ತೀರಿಕೊಂಡದ್ದು ದೂರದ ದೊಡ್ಡಾಸ್ಪತ್ರೆಯಲ್ಲಿ, ಪದ ಖರ್ಚಾಗಲಿಲ್ಲ. ಅತ್ತೆ ಅದನ್ನು ನಲವತ್ತು ವರ್ಷದಿಂದ ಇಟ್ಟುಕೊಂಡಿದ್ದರು. ಗಂಡುಮಗನಿಲ್ಲ, ಹೀಗಾಗಿ ಯಾರ ಕಿವಿಗೂ ಹೇಳಿರಲಿಲ್ಲ. ನನಗಂತೂ ಹೇಳುವ ಪ್ರಶ್ನೆಯೇ ಇರಲಿಲ್ಲ. ನಾನು ಹೊರಗಿನವನು, ಮೇಲಾಗಿ ದುಂದುಗಾರ.

ಈಗ ನನ್ನ ಮಗಳು ಇಂಚರಳ ಮದುವೆಗೆ ಬರುತ್ತೇನೆ. ಗಂಡು ಮಧುಕರ, ಒಳ್ಳೆಯ ಹುಡುಗ. ಅವನ ತಂದೆ ನಂಜುಂಡಪ್ಪ, ನಿವೃತ್ತ ಕಾಂಪೌಂಡರು. ಹೊಸ ಬಡಾವಣೆಯಲ್ಲಿ ನಾಲ್ಕು ವರ್ಷದ ಹಿಂದೆ ಮನೆ ಕಟ್ಟಿಸಿದವರು. ಹೊಸ ಮನೆ, ಮೇಲೆ ಕಾಂಪೌಂಡರಿಕೆ. ಅವರ ಗತ್ತನ್ನು ನೀವೇ ಊಹಿಸಿಕೊಳ್ಳಿ. ಅವರ ಮನೆಯಲ್ಲಿ ಇನ್ನೂ ‘ಡಾಗ್’ ಕೂಡ ಆಡಿಲ್ಲವಂತೆ, ಅದನ್ನು ಮೂರು ಸಲ ನನಗೆ ಹೇಳಿದರು.

ಮದುವೆಯ ಹೆಣ್ಣು ಹಿಂದಿನ ಸಂಜೆಯೇ ಛತ್ರಕ್ಕೆ ಹೋಗಿ ಮಲಗುವುದು ಈ ಊರಿನ ರೂಢಿ. ಛತ್ರಕ್ಕೆ ಬಾಗಿಲೇ ಇಲ್ಲ, ಕಟ್ಟಿದವರು ತಿಳಿದೇ ಇಡಲಿಲ್ಲ. ನಾವೂ ಹಾಗೆ ಮಾಡುವವರೇ ಇದ್ದೆವು. ಆದರೆ ಲಗ್ನಪತ್ರಿಕೆ ಬರೆಸುವ ದಿನ ನಂಜುಂಡಪ್ಪನವರು ತಟ್ಟೆಯಿಂದ ಅಡಿಕೆ ಎತ್ತಿಕೊಳ್ಳುತ್ತ, ಹತ್ತು ಜನರ ಮುಂದೆ ಅಂದರು:

“ಬೀಗರೇ, ಹುಡುಗೀನ ಹಿಂದಿನ ದಿನಾನೇ ಕಳಿಸಿಬಿಡಿ. ನಿಮ್ಮದು ಹಳೇ ಮನೆ ನೋಡಿ. ಬೆಳಿಗ್ಗೆ ಎದ್ದರೆ ಪದ ಇರುತ್ತೋ ಇಲ್ವೋ.”

ಜನ ನಕ್ಕರು. ನಗಲಿ ಬಿಡಿ, ನಾನು ಸುಮ್ಮನಿರಬಹುದಿತ್ತು. ಇಪ್ಪತ್ತಾರು ವರ್ಷ ಬ್ಲಾಂಕೆಟ್ಟಿನ ವಿಷಯದಲ್ಲಿ ಸೋತು ಸುಣ್ಣವಾದವನಿಗೆ ಆ ದಿನ ಎಲ್ಲಿಂದ ರೋಷ ಬಂತೋ.

“ಇದು ಎಂ.ಎ. ಮಾಡಿದವನ ಮನೆ ಸ್ವಾಮಿ,” ಅಂದೆ. “ನನ್ನ ಮಗಳು ಮದುವೆ ದಿನ ಬೆಳಿಗ್ಗೆ ನಮ್ಮ ಹೊಸಿಲು ದಾಟಿಕೊಂಡೇ ಬರ್ತಾಳೆ. ಒಂದು ಗಂಟೆ ಮುಂಚೇನೇ ಬರ್ತಾಳೆ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬೀಗರು ಹೋದ ಮೇಲೆ ಅತ್ತೆ ಹೊರಗೆ ಬಂದು, ನನ್ನ ಮುಖ ನೋಡದೆ, ಗೋಡೆಯ ಗಡಿಯಾರಕ್ಕೆ ಹೇಳಿದರು: “ಅಳಿಯಂದಿರು ಅಷ್ಟು ದೊಡ್ಡ ಮಾತು ಆಡೋಕೆ ಮುಂಚೆ ಹೊಸಿಲನ್ನ ಒಂದು ಮಾತು ಕೇಳಬೇಕಿತ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಒಂದು ತಿಂಗಳು ಹಟಕ್ಕೆ ಬಿದ್ದು ತಯಾರಿ ನಡೆಸಿದೆ. ದಿನಾ ಊಟವಾದ ಮೇಲೆ ಡಿಕ್ಷನರಿ ಹಿಡಿದು ಕೂತು, ಝಡ್ ಮತ್ತು ಎಕ್ಸ್ ಇರುವ ಪದಗಳನ್ನೆಲ್ಲ ಬಾಯಿಪಾಠ ಮಾಡಿದೆ. ಆಕ್ಸಿಡೈಸ್, ಕ್ವಾರ್ಟ್ಸ್, ಈಕ್ವಿನಾಕ್ಸ್. ನಾನು ಹಾದಿಯಲ್ಲಿ ಗೊಣಗಿಕೊಂಡು ಹೋಗುವುದನ್ನು ನೋಡಿ ಸ್ಕೂಲಿನ ಮಕ್ಕಳು ದಾರಿ ಬಿಡುತ್ತಿದ್ದರು. ಜೆ ಮತ್ತು ಕ್ಯೂ ಜೋಡಿಗೆ ಮಾತ್ರ ಕೈ ಹಾಕಲಿಲ್ಲ. ಎಪ್ಪತ್ತು ವರ್ಷದಲ್ಲಿ ಒಂದೇ ಸಲ ಬಂದದ್ದು, ಅದೂ ಸಾವಿನ ದಿನ. ಮಂಗಳಕಾರ್ಯದ ದಿನ ಅದು ಯಾಕೆ ಬರುತ್ತದೆ ಎಂದು ಧೈರ್ಯವಾಗಿದ್ದೆ.

ಮದುವೆಯ ದಿನ ನೆಂಟರೆಲ್ಲ ಛತ್ರದಲ್ಲಿದ್ದರು. ಮನೆಯಲ್ಲಿ ನಾವು ನಾಲ್ಕೇ ಜನ. ನಾನು ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ನಗುಮುಖದಿಂದ ಹೊಸಿಲ ಹತ್ತಿರ ಬಗ್ಗಿದೆ. ಜೆ. ಕ್ಯೂ. ಎಲ್.

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದೆ. ಅದೇ ಇತ್ತು.

ಸುಮಿತ್ರೆ ಹಿಂದಿನಿಂದ ಇಣುಕಿದಳು. ಅವಳಿಗೆ ಆ ಎರಡು ಅಕ್ಷರಗಳ ಗುರುತು ಚಿಕ್ಕಂದಿನಿಂದ ಉಂಟು. “ರೀ,” ಅಂದವಳು ಅಲ್ಲೇ ಕೂತುಬಿಟ್ಟಳು. ರೇಷ್ಮೆ ಸೀರೆ ನೆಲ ಗುಡಿಸುತ್ತಿದೆ ಎಂಬ ಪರಿವೆಯೂ ಅವಳಿಗಿರಲಿಲ್ಲ.

ಮುಹೂರ್ತ ಹತ್ತು ನಲವತ್ತಕ್ಕೆ. ಆಗ ಆರೂವರೆ. ನಾನು ಗೊತ್ತಿದ್ದದ್ದನ್ನೆಲ್ಲ ಆಡಿ ನೋಡಿದೆ. ಒಂದರಲ್ಲಿ ಜೆ ಇದ್ದರೆ ಕ್ಯೂ ಇಲ್ಲ, ಕ್ಯೂ ಇದ್ದರೆ ಜೆ ಇಲ್ಲ. ಎಂಟು ಗಂಟೆಯ ಹೊತ್ತಿಗೆ ನನ್ನ ಸ್ವರ ಒಡೆದಿತ್ತು. ಇಂಚರ ಮದುಮಗಳ ಅಲಂಕಾರದಲ್ಲೇ ಬಂದು, ಬಾಸಿಂಗವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

“ಅಪ್ಪ, ನಿಮ್ಮ ಎಂ.ಎ. ಸರ್ಟಿಫಿಕೇಟು ಎಲ್ಲಿದೆ? ಕೊಡಿ, ಬಾಗಿಲ ಸಂದಿಗೆ ಹಾಕಿ ಮೀಟಿ ನೋಡೋಣ,” ಅಂದಳು. ಹೇಳುವಾಗ ನಕ್ಕಳು, ಹಾಗೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಒಂಬತ್ತಕ್ಕೆ ಸುದ್ದಿ ಛತ್ರ ಮುಟ್ಟಿ ಬೀದಿಯಲ್ಲಿ ಜನ ಸೇರಿದರು. ಎದುರುಮನೆಯ ಬಟ್ಟೆ ಅಂಗಡಿಯವರು ‘ಜಕಾರ್ಡ್ ಅನ್ನಿ ಮೇಷ್ಟ್ರೇ, ಜಕಾರ್ಡ್!’ ಎಂದು ಕಿಟಕಿಯಲ್ಲಿ ಕೂಗಿದರು. ಅದೊಂದು ನೇಯ್ಗೆಯ ಹೆಸರು, ಜೆಯೂ ಕ್ಯೂವೂ ಇವೆ, ಆದರೆ ಎಲ್ ಇಲ್ಲ, ಇದ್ದರೂ ಆಗ ಕಲಿತ ಪದ ನಡೆಯುತ್ತಿರಲಿಲ್ಲ. ಪಾಪ, ಅವರಿಗೂ ಅದು ಗೊತ್ತು, ಏನಾದರೂ ಹೇಳಬೇಕಲ್ಲ ಎಂದು ಹೇಳಿದರು. ಸ್ವಲ್ಪ ಹೊತ್ತಿಗೆ ವಾಲಗದವರೂ ಬಂದು ಕಿಟಕಿಯ ಕೆಳಗೆ ನಿಂತರು. ಊದಬೇಕೋ ಬೇಡವೋ ತಿಳಿಯದೆ ಒಮ್ಮೆ ಸಣ್ಣಗೆ ಊದಿ ನಿಲ್ಲಿಸಿದರು.

ಆಮೇಲೆ ನಂಜುಂಡಪ್ಪನವರು ಬಂದರು. ರೇಗುತ್ತಾರೆ ಎಂದುಕೊಂಡಿದ್ದೆ. ರೇಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಸರಳು ಹಿಡಿದುಕೊಂಡು ಮೆಲ್ಲಗೆ, “ಬೀಗರೇ, ಇದು ತಪ್ಪಿದರೆ ಮುಂದಿನ ಮುಹೂರ್ತ ನಾಲ್ಕು ತಿಂಗಳಾದ ಮೇಲೆ. ನಮ್ಮಮ್ಮನಿಗೆ ತೊಂಬತ್ತು. ಮೊಮ್ಮಗನ ಮದುವೆ ನೋಡ್ತೀನಿ ಅಂತ ಛತ್ರದಲ್ಲಿ ಕೂತಿದಾರೆ,” ಅಂದರು. ಅವರ ಹಿಂದಿನಿಂದ ಪುರೋಹಿತರು ತಲೆ ತೂರಿಸಿ, ಆಪದ್ಧರ್ಮ ಅಂತ ಇದೆ, ಕಿಟಕಿ ಸರಳಿನ ನಡುವೆಯೇ ತಾಳಿ ಕಟ್ಟಿಸಬಹುದು ಎಂದು ಸೂಚಿಸಿದರು.

“ನಾನೇನು ಜೈಲಲ್ಲಿದೀನಾ?” ಎಂದು ಇಂಚರ ಒಳಗಿನಿಂದ ಗುಡುಗಿದಳು. “ಬಾಗಿಲಿಂದಾನೇ ಹೋಗ್ತೀನಿ. ಇಲ್ಲಾಂದ್ರೆ ಮದುವೇನೇ ಬೇಡ.” ಬೀದಿಯಲ್ಲಿದ್ದ ಮಧುಕರ ಪೇಟ ತೆಗೆದು ಬೆವರು ಒರೆಸಿಕೊಂಡ.

ಇಷ್ಟೆಲ್ಲ ನಡೆಯುವಾಗ ಅತ್ತೆ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮದುವೆಯ ಅಡುಗೆ ಛತ್ರದಲ್ಲಿ, ಆ ಬೆಳ್ಳುಳ್ಳಿ ಯಾರಿಗೂ ಬೇಕಿರಲಿಲ್ಲ. ಅವರ ಕಡೆ ನೋಡಬಾರದೆಂದು ನಾವು ಮೂವರೂ ಎಲ್ಲೆಲ್ಲೋ ನೋಡುತ್ತಿದ್ದೆವು. ಅವರ ಹತ್ತಿರ ಜೆಯೂ ಕ್ಯೂವೂ ಇರುವ ಪದ ಇದೆ ಎಂದು ನಮಗೆ ಗೊತ್ತು, ನಮಗೆ ಗೊತ್ತೆಂದು ಅವರಿಗೂ ಗೊತ್ತು. ಅದರಲ್ಲಿ ಎಲ್ ಇದೆಯೋ ಇಲ್ಲವೋ ಗೊತ್ತಿಲ್ಲ. ಕೇಳುವ ಹಾಗಿಲ್ಲ. ಮಗಳ ಮದುವೆಗಾಗಿ ಅತ್ತೆಯ ಸಾವನ್ನು ಕೇಳುವುದು ಹೇಗೆ?

ಒಂಬತ್ತೂ ಮುಕ್ಕಾಲಿಗೆ ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದರು. ಮೊಣಕಾಲು ನೋವು, ಗೋಡೆ ಹಿಡಿದುಕೊಂಡು ಬಂದರು.

“ಆ ಮೂರನೇದು ಯಾವುದು?” ಎಂದು ನನ್ನನ್ನು ಕೇಳಿದರು.

“ಎಲ್, ಅತ್ತೆ.”

“ಹೆಂಗಿರುತ್ತೆ ಅದು?”

“ಆಚಾರಿ ಮೂಲೆಮಟ್ಟದ ಹಾಗೆ. ಒಂದು ಉದ್ದಕೆ, ಒಂದು ಅಡ್ಡಕೆ.”

ಅವರು ಕಣ್ಣು ಮುಚ್ಚಿಕೊಂಡು ಎಡಗೈ ಬೆರಳು ಒಂದೊಂದಾಗಿ ಮಡಚತೊಡಗಿದರು. ಎಡಗೈ ಮುಗಿದು ಬಲಗೈಗೆ ಬಂದರು. ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲ. ಬಹುಶಃ ಮಾವನವರು ಹಾಗೇ ಬೆರಳ ಮೇಲೆ ಕಲಿಸಿದ್ದರು. ಏಳನೆಯ ಬೆರಳಿನ ಮೇಲೆ ನಿಂತು, ಕಣ್ಣು ಬಿಟ್ಟು, ಹೊಸಿಲಿನ ಮೂರನೆಯ ಅಕ್ಷರವನ್ನು ಬಗ್ಗಿ ನೋಡಿದರು.

“ಇದೆ,” ಅಂದರು. “ಕಡೇಲಿದೆ.”

ಆಗ ನಾನು ‘ಬೇಡ ಅತ್ತೆ’ ಅನ್ನಬೇಕಿತ್ತು. ಅನ್ನಲಿಲ್ಲ. ನಾಚಿಕೆಯಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನನ್ನ ಕಣ್ಣು ಗಡಿಯಾರದ ಮೇಲಿತ್ತು. ಅಂದದ್ದು ಇಂಚರ.

“ಬೇಡ ಅಜ್ಜಿ. ಅದು ನಿನ್ನದು. ನಾಲ್ಕು ತಿಂಗಳು ತಾನೇ, ಕಾಯ್ತೀನಿ.”

“ಸುಮ್ನಿರೇ,” ಎಂದು ಅತ್ತೆ ಗದರಿದರು. “ಸತ್ತೋಳು ಎರಡು ದಿನ ತಡವಾಗಿ ಹೋದ್ರೆ ಯಾರಪ್ಪನ ಗಂಟು ಹೋಗುತ್ತೆ? ಮದುವೆ ಹೆಣ್ಣು ಇವತ್ತೇ ಹೋಗ್ಬೇಕು. ಬಾಸಿಂಗ ಕಟ್ಕೋ ಮೊದಲು. ಹಣೇಲಿ ಇಲ್ಲದೆ ಕೈಯಲ್ಲಿ ಹಿಡ್ಕೊಂಡು ಹೋಗ್ತಾಳೆ, ಛತ್ರಿ ಹಿಡ್ಕೊಂಡಂಗೆ.”

ಆಮೇಲೆ ನನ್ನ ಕಡೆ ತಿರುಗಿ, “ಏಳಿ ಪಕ್ಕಕ್ಕೆ,” ಅಂದರು. ನಾನು ಎದ್ದೆ. ಅವರು ಹೊಸಿಲ ಮುಂದೆ ನೆಟ್ಟಗೆ ನಿಂತು, ಊರಿಗೆಲ್ಲ ಕೇಳುವ ಹಾಗೆ, ನಲವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದರು:

“ಜಾಂಕ್ವಿಲ್ಲು!”

ಬಾಗಿಲು ತೆರೆಯಿತು. ಧಡಾರೆಂದಲ್ಲ, ಯಾರೋ ಹೊರಗಿನಿಂದ ಮರ್ಯಾದೆಯಿಂದ ಎಳೆದ ಹಾಗೆ ನಿಧಾನವಾಗಿ. ವಾಲಗದವರಿಗೆ ಈ ಸಲ ಸಂದೇಹ ಬರಲಿಲ್ಲ, ಕಿವಿ ಹರಿದುಹೋಗುವ ಹಾಗೆ ಊದಿದರು. ಇಂಚರ ಅಜ್ಜಿಯ ಕಾಲಿಗೆ ಬಿದ್ದಳು, ಅತ್ತೆ ಅವಳ ಕೆನ್ನೆ ಹಿಡಿದು ‘ಏಳೇ, ಹೊತ್ತಾಯ್ತು’ ಅಂದರು, ಅವಳ ಕೆನ್ನೆಗೆಲ್ಲ ಬೆಳ್ಳುಳ್ಳಿ ವಾಸನೆ. ಮಧುಕರ ತಾಳಿ ಕಟ್ಟುವಾಗ ಹತ್ತು ನಲವತ್ತಕ್ಕೆ ಎರಡು ನಿಮಿಷ ಬಾಕಿ ಇತ್ತು.

ಊಟದ ಪಂಕ್ತಿಯಲ್ಲಿ ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, “ಈಗ ಕೇಳಬಹುದು. ಆಡಿ ಆಯ್ತಲ್ಲ. ಏನು ಅದರ ಅರ್ಥ?” ಅಂದರು.

ನನಗೆ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ.

“ಎಂ.ಎ.!” ಎಂದು ಅವರು ಹೋಳಿಗೆಗೆ ಹೇಳಿದರು.

ಮಾರನೆಯ ದಿನ ಡಿಕ್ಷನರಿ ನೋಡಿಕೊಂಡು ಬಂದು ಹೇಳಿದೆ. “ಅದು ಹೂವು, ಅತ್ತೆ. ಹಳದಿ ಹೂವು. ಚಳಿ ದೇಶದ್ದು, ಬಹಳ ಘಮ ಅಂತೆ. ಮಾವನವರು ನೋಡಿದ್ದು ಯಾವುದೋ ಗೆಡ್ಡೆಯ ಪೊಟ್ಟಣ ಇರಬೇಕು.”

“ಹೂವಾ? ನಾನು ನಲವತ್ತು ವರ್ಷ ಏನೋ ಕೆಟ್ಟ ಕಾಯಿಲೆ ಹೆಸರು ಅಂತ ಅಂದ್ಕೊಂಡಿದ್ದೆ. ಹೇಳ್ಕೊಳ್ಳೋಕೇ ಒಂಥರಾ ಆಗ್ತಿತ್ತು.” ಆಮೇಲೆ ಅವರ ಮುಖವೆಲ್ಲ ಸಡಿಲವಾಯಿತು. “ಹಂಗಾದ್ರೆ ಹೆಣ್ಣು ಹೊರಡೋಕೆ ಆಡಿದ್ದೇ ಸರಿಯಾಯ್ತು ಬಿಡಿ.”

ಸರಿಯೇನೋ ಆಯಿತು, ಆದರೆ ಎಂಬತ್ತೆರಡು ವರ್ಷದ ಹೆಂಗಸು ಹೊರಡುವ ಪದವಿಲ್ಲದೆ ಉಳಿದರು. ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. ಜನ ಬಂದು ವಿಚಾರಿಸಿಕೊಂಡು ಹೋದರು. ಅತ್ತೆ ಮಾತ್ರ ಎಲ್ಲರಿಗೂ, “ನಂಗೀಗ ಸಾಯೋಕೆ ಪುರುಸೊತ್ತಿಲ್ಲಮ್ಮ, ಪದ ಇಲ್ಲ,” ಎಂದು ನಗುನಗುತ್ತ ಹೇಳುತ್ತಿದ್ದರು. ಒಂದು ಭಾನುವಾರ ನಂಜುಂಡಪ್ಪನವರು ಹಣ್ಣಿನ ತಟ್ಟೆ ಹಿಡಿದು ಬಂದರು, ಗತ್ತೆಲ್ಲ ಇಳಿದಿತ್ತು.

“ಅಮ್ಮ, ನಮ್ಮ ಸೊಸೇನ ಕಳಿಸೋಕೆ ನಿಮ್ಮದನ್ನ ಕಳ್ಕೊಂಡ್ರಿ. ನನ್ನ ಹತ್ರ ಉದ್ದುದ್ದ ಪದ ಇವೆ. ಶ್ವಾಸಕೋಶದ್ದು ಒಂದಿದೆ, ಅರ್ಧ ಸಾಲು ಬರುತ್ತೆ. ಬೇಕಾದ್ದು ತಗೊಳ್ಳಿ.”

“ಬೇಡಪ್ಪ,” ಅಂದರು ಅತ್ತೆ. “ಕಾಯಿಲೆ ಹೆಸರು ಹೇಳ್ಕೊಂಡು ನಾನು ಹೊರಡಲ್ಲ. ಹೂವಿಂದ ಅಭ್ಯಾಸ ಆಗಿಬಿಟ್ಟಿದೆ. ಹೂವೇ ಬೇಕು. ಜೆ, ಕ್ಯೂ ಎರಡೂ ಇರ್ಬೇಕು.” ಹೇಳುವಾಗ ನನ್ನ ಕಡೆ ನೋಡಲೇ ಇಲ್ಲ. ಗಡಿಯಾರಕ್ಕೇ ಹೇಳಿದರು.

ಅಂದಿನಿಂದ ಶುರುವಾಯಿತು ನನ್ನ ಹುಡುಕಾಟ. ಡಿಕ್ಷನರಿಯನ್ನು ಮೊದಲಿನಿಂದ, ಒಂದು ಪುಟ ಬಿಡದೆ, ಕೊನೆಯವರೆಗೆ ಓದಿದೆ. ಎಂ.ಎ. ಪರೀಕ್ಷೆಗೆ ಕೂಡ ನಾನು ಹಾಗೆ ಓದಿರಲಿಲ್ಲ. ಸುಮಿತ್ರೆ ‘ಕಣ್ಣು ಹೋಗುತ್ತೆ ಕಣ್ರೀ’ ಎಂದು ಗೊಣಗುತ್ತಲೇ ಎಣ್ಣೆ ಹಚ್ಚಿ ತಲೆ ತಿಕ್ಕುತ್ತಿದ್ದಳು. ಒಂಬತ್ತು ತಿಂಗಳಿಗೆ ಒಂದು ಸಿಕ್ಕಿತು. ಯಾವುದೆಂದು ನಿಮಗೂ ಹೇಳುವುದಿಲ್ಲ. ಹೂವು ಬಿಡುವ ಒಂದು ಬಳ್ಳಿ, ಚಳಿ ದೇಶದ್ದಲ್ಲ, ನಮ್ಮ ಬೇಲಿಗಳಲ್ಲೇ ಹಬ್ಬುವಂಥದು, ಅಷ್ಟು ಸಾಕು. ಅದನ್ನು ಒಂದು ರಾತ್ರಿ ಹೊಟ್ಟೆಯಲ್ಲಿ ಮಲಗಿಸಿ, ಬೆಳಿಗ್ಗೆ ಸ್ನಾನ ಮಾಡಿ ಅತ್ತೆಯ ಹತ್ತಿರ ಹೋದೆ. ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು.

“ಅತ್ತೆ, ಸಿಕ್ಕಿತು. ಕಿವಿ ಕೊಡಿ,” ಎಂದು ಬಗ್ಗಿದೆ.

ಅವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

“ಹೇಳಬೇಡಿ! ನಂಗೆ ಗೊತ್ತಾದ್ರೆ ನಾಳೆ ಇನ್ಯಾರಾದ್ರೂ ಹುಡುಗಿ ಅಳ್ತಾ ನಿಂತ್ರೆ ಆಡಿಬಿಡ್ತೀನಿ. ನೀವೇ ಇಟ್ಕೊಳ್ಳಿ. ಆವತ್ತು ಬಾಗಿಲ ಹತ್ರ ನಿಂತು ನೀವೇ ಹೇಳಿ.”

“ಅದು ಮಗ ಹೇಳೋದಲ್ವಾ ಅತ್ತೆ,” ಅಂದೆ.

“ಇಪ್ಪತ್ತೇಳು ವರ್ಷದಿಂದ ಈ ಮನೇಲಿ ಉಣ್ತಿರೋದು ಮತ್ಯಾರು?” ಎಂದು ರೇಗಿದರು. ಕಿವಿಯಿಂದ ಕೈ ತೆಗೆದು ಬೆರಳು ತೋರಿಸಿ, “ಆದ್ರೆ ನೋಡಿ, ಟ್ಯಾಂಕರಲ್ಲಿ ಮುಗಿಯೋ ಕೆಲಸಕ್ಕೆ ಅದನ್ನ ಬಿಸಾಕಿದ್ರೋ!” ಅಂದರು.

ಇದೆಲ್ಲ ಆಗಿ ಏಳು ತಿಂಗಳಾಯಿತು. ಮೊನ್ನೆ ಸೋಮವಾರ ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಷನ್ ಇತ್ತು. ನಾನು ಹೆಡ್‌ಮೇಷ್ಟ್ರಾಗುವುದೋ, ಹೀಗೇ ನಿವೃತ್ತನಾಗುವುದೋ ಅಂದೇ ತೀರ್ಮಾನ. ಹೊಸ ಶರಟು ಹಾಕಿಕೊಂಡು ಹೊಸಿಲ ಹತ್ತಿರ ಬಗ್ಗಿದರೆ ಜೆ, ಕ್ಯೂ, ಟಿ. ನನ್ನ ಹೊಟ್ಟೆಯಲ್ಲಿದ್ದ ಪದದಲ್ಲಿ ಮೂರೂ ಇದ್ದವು. ಅದು ನಾಲಿಗೆಯ ತುದಿಗೇ ಬಂದು ನಿಂತಿತು. ನಾನು ಹಲ್ಲು ಕಚ್ಚಿಕೊಂಡು, ಶರಟು ಬಿಚ್ಚಿ ಗೂಟಕ್ಕೆ ಹಾಕಿ, ಹೊಸಿಲು ರಜೆಯ ಚೀಟಿ ಬರೆದು, ಕಿಟಕಿಯಿಂದ ಹಾಲಿನವನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತೆ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಸಿಲನ್ನೂ ನೋಡಿದರು, ಗೂಟದ ಶರಟನ್ನೂ ನೋಡಿದರು. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಾಫಿ ಲೋಟ ತಂದು ನನ್ನ ಮುಂದೆ ಇಟ್ಟರು. ಇಪ್ಪತ್ತೇಳು ವರ್ಷದಲ್ಲಿ ಅವರು ತಾವಾಗಿ ತಂದುಕೊಟ್ಟ ಮೊದಲ ಕಾಫಿ. ಅದರಲ್ಲಿ ಸ್ವಲ್ಪ ಬೆಳ್ಳುಳ್ಳಿ ವಾಸನೆ ಇತ್ತು. ನಾನು ಪೂರ್ತಿ ಕುಡಿದೆ.